‘ಬೋರ್ಡ್ ಸತ್ತಿದೆ’ ಎಂದ ಮಾತ್ರಕ್ಕೆ ನಿಮ್ಮ ಹಳೆಯ ಪ್ಲೇಸ್ಟೇಷನ್ ಕೊಟ್ಟುಬಿಡಬೇಡಿ

ಹಳೆಯ ಗೇಮ್ ಯಂತ್ರವನ್ನು ರಿಪೇರಿಗೆ ಕೊಡಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಸತ್ತಿದೆ ಎಂದು ನನ್ನ ಪ್ಲೇಸ್ಟೇಷನ್ 2 ಅನ್ನು ಐನೂರು ರೂಪಾಯಿಗೆ ಇಟ್ಟುಕೊಂಡವನು ಅದನ್ನೇ ತನ್ನ ಅಂಗಡಿಯಲ್ಲಿ ಓಡಿಸಿ ಮಾರಾಟಕ್ಕಿಟ್ಟಿದ್ದಾನೆ. ಗಟ್ಟಿಯಾಗಿದೆ ಎಂದು ಅವನು ನನ್ನ ತಲೆಗೆ ಕಟ್ಟಿದ ಪ್ಲೇಸ್ಟೇಷನ್ 3 ಈಗ ಮನೆಯಲ್ಲಿ ಕೆಂಪು ದೀಪ ಮಿಣುಕಿಸುತ್ತಾ ಬಿದ್ದಿದೆ. ಬೆಂಗಳೂರಿನ ಮಾರುಕಟ್ಟೆ ಪ್ರದೇಶದ ಅಂಗಡಿ. ಹೆಸರು ಬರೆಯುವುದಿಲ್ಲ. ಇಂಥ ಅಂಗಡಿ ಅದೊಂದೇ ಅಲ್ಲ ಎಂಬುದು ಆಮೇಲೆ ವಿಚಾರಿಸಿದಾಗ ತಿಳಿಯಿತು.

ನಮ್ಮದು ತೆಳುವಾದ ಮಾದರಿಯ ಪಿಎಸ್2. ಆನ್ ಆಗುತ್ತಿತ್ತು. ಮೆನು ಬರುತ್ತಿತ್ತು. ಮೆಮೊರಿ ಕಾರ್ಡಿನಲ್ಲಿ ತಮ್ಮ ಉಳಿಸಿದ್ದ ಆಟಗಳೆಲ್ಲ ಕಾಣುತ್ತಿದ್ದವು. ಡಿಸ್ಕ್ ಮಾತ್ರ ಓದುತ್ತಿರಲಿಲ್ಲ. ಅಂಗಡಿಯವನು ಒಳಗೆ ತೆಗೆದುಕೊಂಡು ಹೋಗಿ, ಸ್ವಲ್ಪ ಹೊತ್ತಿನ ನಂತರ ಬಂದು ತಲೆಯಾಡಿಸಿದ.

“ಬೋರ್ಡ್ ಹೋಗಿದೆ ಸರ್. ಡೆಡ್.”

“ಬೋರ್ಡ್ ಹೋಗಿದ್ದರೆ ಮೆನು ಹೇಗೆ ಬರುತ್ತದೆ?” ಎಂದು ಕೇಳಿದೆ. ಕೇಳಿಯೇ ಕೇಳಿದೆ.

“ಅದು ಹಾಗೇ ಬರುತ್ತದೆ ಸರ್, ಒಳಗೆ ಎಲ್ಲ ಹೋಗಿರುತ್ತದೆ. ಕಂಪನಿಯೇ ಇದನ್ನು ನಿಲ್ಲಿಸಿಬಿಟ್ಟಿದೆ. ನಾನು ಬಿಡಿಭಾಗ ಎಲ್ಲಿಂದ ತರಲಿ?”

ಇದು ಶುದ್ಧ ಸುಳ್ಳು. ಬೋರ್ಡ್ ಎಂದರೆ ಚಿಪ್‌ಗಳೆಲ್ಲ ಕೂತಿರುವ ಮುಖ್ಯ ಹಲಗೆ. ಮೆನು ಬರುತ್ತಿದೆ ಎಂದರೆ ಪ್ರೊಸೆಸರ್, ಮೆಮೊರಿ, ಚಿತ್ರ ಮೂಡಿಸುವ ಚಿಪ್ ಎಲ್ಲವೂ ಕೆಲಸ ಮಾಡುತ್ತಿವೆ ಎಂದೇ ಅರ್ಥ. ಡಿಸ್ಕ್ ಓದದಿರುವುದು ಹೆಚ್ಚಾಗಿ ಲೇಸರ್ ಸವೆದೋ, ಮಸೂರಕ್ಕೆ ಧೂಳು ಕೂತೋ, ಅದರ ಪಟ್ಟಿ ಕೇಬಲ್ ಕೆಟ್ಟೋ ಆಗುವ ತೊಂದರೆ. ಟೈರ್ ಸವೆದ ಸ್ಕೂಟರನ್ನು ಯಾರಾದರೂ ಗುಜರಿಗೆ ಹಾಕುತ್ತಾರೆಯೇ? ಇನ್ನು ಕಂಪನಿ ನಿಲ್ಲಿಸಿದ ಮಾತು. ಸೋನಿ ಪಿಎಸ್2 ತಯಾರಿಕೆ ನಿಲ್ಲಿಸಿದ್ದು 2013ರ ಆರಂಭದ ಹೊತ್ತಿಗೆ. ಆದರೆ ಜಪಾನಿನಲ್ಲಿ 2018ರ ಆಗಸ್ಟ್‌ವರೆಗೂ ಅದನ್ನು ರಿಪೇರಿ ಮಾಡಿಕೊಡುತ್ತಿತ್ತು. 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರ ಅದು. ಬಿಡಿಭಾಗವೇ ಸಿಗುವುದಿಲ್ಲವಂತೆ!

ಆಮೇಲೆ ಶುರುವಾಯಿತು ವಿನಿಮಯದ ಮಾತು. “ಇದಕ್ಕೆ ಐನೂರು ಹಿಡಿದುಕೊಳ್ಳುತ್ತೇನೆ, ಮೇಲೆ ಏಳು ಸಾವಿರ ಕೊಡಿ, ಪಿಎಸ್3 ತೆಗೆದುಕೊಂಡು ಹೋಗಿ. ನಿಮ್ಮ ಹಳೆಯ ಡಿಸ್ಕ್‌ಗಳೂ ಇದರಲ್ಲಿ ಓಡುತ್ತವೆ.” ಓಡಿಸಿ ತೋರಿಸಿ ಎಂದೆ. ತನ್ನ ಡ್ರಾಯರಿನಿಂದ ಒಂದು ಹಳೆಯ ಡಿಸ್ಕ್ ತೆಗೆದು ಹಾಕಿದ. ಆಟ ಓಡಿತು. ಕೆಳಬದಿ ಕಪ್ಪಾಗಿದ್ದ ಡಿಸ್ಕ್ ಅದು, ಅಂದರೆ ಮೊದಲ ಪ್ಲೇಸ್ಟೇಷನ್‌ನದು! ಅವು ಎಲ್ಲ ಪಿಎಸ್3ಗಳಲ್ಲೂ ಓಡುತ್ತವೆ. ಪಿಎಸ್2 ಡಿಸ್ಕ್‌ಗಳು ಓಡುವುದು ಮುಂದೆ ನಾಲ್ಕು ಯುಎಸ್‌ಬಿ ಕಿಂಡಿಗಳಿದ್ದ ಆರಂಭದ ಪಿಎಸ್3ಗಳಲ್ಲಿ ಮಾತ್ರ. ಅವನು ನನಗೆ ಕೊಟ್ಟದ್ದರಲ್ಲಿ ಎರಡೇ ಇದ್ದವು. ಇದು ಅವನಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ತಿಳಿದಿದ್ದರಿಂದಲೇ ಆ ಕಪ್ಪು ಡಿಸ್ಕನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾನೆ.

ಮನೆಯಲ್ಲಿ ನಮ್ಮ ಡಿಸ್ಕ್ ಒಂದೂ ಓಡಲಿಲ್ಲ. ಫೋನ್ ಮಾಡಿದರೆ “ಅಪ್‌ಡೇಟ್ ಮಾಡಿ ಸರ್, ಸರಿಹೋಗುತ್ತದೆ” ಎಂದ. ಅಪ್‌ಡೇಟಿಗೂ ಇದಕ್ಕೂ ಸಂಬಂಧವೇ ಇಲ್ಲ. ವಾರ ಕಳೆಯುವುದರೊಳಗೆ, ಆಟದ ನಡುವೆಯೇ ಯಂತ್ರ ನಿಂತಿತು. ಮತ್ತೆ ಆನ್ ಮಾಡಿದರೆ ಹಸಿರು, ಒಂದು ಕ್ಷಣ ಹಳದಿ, ಮೂರು ಬೀಪ್, ಆಮೇಲೆ ಮಿಣುಕುವ ಕೆಂಪು. ಪಿಎಸ್3 ಇಟ್ಟುಕೊಂಡವರಿಗೆ ಆ ಹಳದಿ ದೀಪ ಗೊತ್ತು: ಯಂತ್ರದ ಒಳಭಾಗವೇ ಕೈಕೊಟ್ಟಿದೆ ಎಂಬ ಸೂಚನೆ ಅದು.

ಹೊತ್ತುಕೊಂಡು ಅಂಗಡಿಗೆ ಹೋದೆ. ಒಬ್ಬ ಹುಡುಗ ಅಲ್ಲಿ ಪಿಎಸ್2 ಪರೀಕ್ಷಿಸುತ್ತಿದ್ದ. ಡಿಸ್ಕ್ ಬದಲಿಸಲು ಮುಚ್ಚಳ ತೆರೆದ. ಒಳಬದಿಯಲ್ಲಿ ಮಾರ್ಕರಿನಲ್ಲಿ ಬರೆದ ‘ಪ್ರ’. ನನ್ನ ತಮ್ಮ ಶಾಲೆಯಲ್ಲಿದ್ದಾಗ ಬರೆದದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ಅದು ಸತ್ತೇಹೋಯಿತು ಎಂದು ಅದೇ ತಮ್ಮನಿಗೆ ನಾನೇ ಫೋನ್ ಮಾಡಿ ಹೇಳಿದ್ದೆ. ಇನ್ನು ಅವನಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು?

“ಇದು ನನ್ನದು” ಎಂದೆ.

“ಎಲ್ಲ ಪಿಎಸ್2 ಒಂದೇ ಥರ ಇರುತ್ತವೆ ಸರ್.”

“ಇದು ನನ್ನ ತಮ್ಮನ ಕೈಬರಹ.”

“ಹಾಗಾದರೆ ಮುಚ್ಚಳ ಮಾತ್ರ ನಿಮ್ಮದು. ಬೋರ್ಡ್ ಬೇರೆ ಹಾಕಿದ್ದೇವೆ.”

“ಬಿಡಿಭಾಗವೇ ಸಿಗುವುದಿಲ್ಲ ಎಂದಿರಲ್ಲ, ಇಡೀ ಬೋರ್ಡ್ ಎಲ್ಲಿಂದ ಬಂತು?”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ದನಿಯೇ ಬದಲಾಯಿತು. “ನೀವು ಕೊಟ್ಟಾಯಿತು, ನಾನು ದುಡ್ಡು ಹಿಡಿದಾಯಿತು. ಬೇಕಾದರೆ ತೆಗೆದುಕೊಂಡು ಹೋಗಿ, ನಿಮಗೆ ಅಂತ ನಾಲ್ಕೂವರೆ ಸಾವಿರ.” ನನ್ನದೇ ಯಂತ್ರ! ನನಗೇ ನಾಲ್ಕೂವರೆ ಸಾವಿರ! ಪಿಎಸ್3 ಬಗ್ಗೆ ಕೇಳಿದರೆ, “ಹಳೆಯ ಸಾಮಾನು ಸರ್, ಯಾವಾಗ ಸಾಯುತ್ತದೆ ಎಂದು ಯಾರು ಹೇಳುತ್ತಾರೆ?” ನನ್ನದು ಸತ್ತಿದೆ ಎಂದು ಅರ್ಧ ಗಂಟೆಯೊಳಗೆ ಹೇಳಿದವನು ಇವನೇ.

ಬೇರೊಬ್ಬ ಮೆಕ್ಯಾನಿಕ್ ನನ್ನ ಕಣ್ಣೆದುರೇ ಪಿಎಸ್3 ಬಿಚ್ಚಿದ. ಗ್ರಾಫಿಕ್ಸ್ ಚಿಪ್ಪಿನ ಸುತ್ತ ಫ್ಲಕ್ಸ್, ಅಂದರೆ ಬೆಸುಗೆ ಹಾಕುವಾಗ ಹಚ್ಚುವ ಅಂಟಿನಂಥ ವಸ್ತುವಿನ ಕಲೆ ಇತ್ತು. ಹೀಟ್ ಗನ್ ಹಿಡಿದು ಚಿಪ್ಪನ್ನು ಕಾಯಿಸಿದ್ದಾರೆ ಎಂದ. ಹಾಗೆ ಕಾಯಿಸಿದರೆ ಬಿಟ್ಟುಹೋದ ಸಂಪರ್ಕ ಕೆಲವು ದಿನ ಕೂಡಿಕೊಳ್ಳುತ್ತದೆ, ಮಾರುವಷ್ಟು ದಿನ. ಮತ್ತೆ ಬಿಡುತ್ತದೆ. ಅದು ರಿಪೇರಿಯೇ ಅಲ್ಲ. ಸತ್ತದ್ದು ಎಂದು ಕರೆಯಬೇಕಾದದ್ದು ಇಂಥದನ್ನು. ಇನ್ನೊಂದು ಸಂಕಟ: ಅದರ ಹಾರ್ಡ್ ಡಿಸ್ಕ್ ಆ ಯಂತ್ರಕ್ಕೇ ಬೀಗ ಹಾಕಿದಂತಿರುತ್ತದೆ, ಇನ್ನೊಂದು ಪಿಎಸ್3ಗೆ ಹಾಕಿದರೆ ಅದರಲ್ಲಿ ಉಳಿಸಿದ್ದು ಸಿಗುವುದಿಲ್ಲ.

ರಿಪೇರಿಗೆ ಕೊಡುವ ಮೊದಲು ತಳದಲ್ಲಿರುವ ಕ್ರಮಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಸತ್ತಿದೆ ಎಂದರೆ ಯಾವ ಭಾಗ ಸತ್ತಿದೆ ಎಂದು ಎದುರಿಗೇ ತೋರಿಸಲು ಹೇಳಿ. ತೋರಿಸದಿದ್ದರೆ ಯಂತ್ರ ವಾಪಸು ಪಡೆದು ಎದ್ದು ಬನ್ನಿ. ಹಳೆಯದನ್ನು ಕೊಳ್ಳುವಾಗ ನಿಮ್ಮದೇ ಡಿಸ್ಕ್ ಒಯ್ದು ಒಂದು ಗಂಟೆಯಾದರೂ ಓಡಿಸಿ ನೋಡಿ.

ಅವನು ಬಿಲ್ ಕೊಟ್ಟಿರಲಿಲ್ಲ. ಆದರೆ ಏಳು ಸಾವಿರ ಯುಪಿಐನಲ್ಲಿ ಹೋಗಿದೆ, ನಮ್ಮ ಪಿಎಸ್2ರ ಹಳೆಯ ಡಬ್ಬಿಯ ಮೇಲೆ ಕ್ರಮಸಂಖ್ಯೆ ಇದೆ. ಎರಡನ್ನೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಿಮಗೂ ಹೀಗಾಗಿದ್ದರೆ ನೀವೂ ಕೊಡಿ.