ಪೀಠೋಪಕರಣ ವ್ಯಾಪಾರಕ್ಕೆ ‘ರೆಸಿಡೆಕ್ಸ್’ ಎಷ್ಟರ ಮಟ್ಟಿಗೆ ಉಪಯುಕ್ತ?

ರಾಷ್ಟ್ರೀಯ ವಸತಿ ಬ್ಯಾಂಕ್ 2007ರಲ್ಲಿ ಆರಂಭಿಸಿದ ‘ರೆಸಿಡೆಕ್ಸ್’ ಮನೆ ಬೆಲೆ ಸೂಚ್ಯಂಕವನ್ನು ಪೀಠೋಪಕರಣ ತಯಾರಕರ ಅಗತ್ಯಗಳ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಿದ್ದೇನೆ. ಬೆಂಗಳೂರು ಸೇರಿದಂತೆ 50 ನಗರಗಳ ಬೆಲೆಯ ಏರಿಳಿತವನ್ನು, 2017–18ನೇ ಸಾಲನ್ನು 100 ಎಂದು ಹಿಡಿದು, ಮೂರು ತಿಂಗಳಿಗೊಮ್ಮೆ ಉಚಿತವಾಗಿ ಒದಗಿಸುವ ಈ ಸೇವೆ ತನ್ನ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತದೆ. ಆದರೆ ಮುಂದಿನ ತಿಂಗಳುಗಳಿಗೆ ಎಷ್ಟು ಪ್ಲೈವುಡ್ ತರಿಸಬೇಕು, ಎಷ್ಟು ಮಂದಿ ಬಡಗಿಗಳನ್ನು ಗೊತ್ತುಮಾಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ.

ಇಲ್ಲಿರುವುದು ಎರಡು ಸೂಚ್ಯಂಕಗಳು. ಒಂದು, ಸಾಲ ನೀಡುವ ಸಂಸ್ಥೆಗಳು ಮಾಡಿಸುವ ಮೌಲ್ಯಮಾಪನವನ್ನು ಆಧರಿಸಿದ್ದು. ಇನ್ನೊಂದು, ನಿರ್ಮಾಣ ಹಂತದ ಮನೆಗಳ ಮಾರುಕಟ್ಟೆ ದರವನ್ನು ಆಧರಿಸಿದ್ದು. ಎರಡನೆಯದು ಆಕರ್ಷಕವಾಗಿ ಕಂಡರೂ, ಅಡಿಪಾಯದ ಹಂತದಲ್ಲಿರುವ ಫ್ಲ್ಯಾಟಿಗೆ ವಾರ್ಡ್‌ರೋಬ್ ಬೇಕಾಗುವುದು ವರ್ಷಗಳ ನಂತರ. ಬೆಲೆ ಏರಿದರೆ ಬೇಡಿಕೆಯೂ ಏರುತ್ತದೆ ಎನ್ನುವಂತಿಲ್ಲ: ಮುಂಗಡ, ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಎಲ್ಲ ಕಳೆದು ಕೈಯಲ್ಲಿ ಉಳಿದ ಹಣದಲ್ಲಿ ಅಡುಗೆಮನೆಯ ಕಪಾಟುಗಳನ್ನು ಮಾಡಿಸಿದವರು ಸೋಫಾವನ್ನು ಮುಂದಿನ ಬೋನಸ್‌ಗೆ ಬಿಡುತ್ತಾರೆ. ಸಾಲದ ಕಂತಿನ ಹೊರೆಯೂ ಇದಕ್ಕೆ ಸೇರುವುದರಿಂದ, 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 6.5ರಿಂದ ಶೇ 5.5ಕ್ಕೆ ಇಳಿಸಿದ್ದನ್ನು ನಾನು ಸೂಚ್ಯಂಕದ ಯಾವ ಏರಿಕೆಗಿಂತಲೂ ಒಳ್ಳೆಯ ಸುದ್ದಿ ಎಂದು ಎಣಿಸುತ್ತೇನೆ.

ಈ ವ್ಯಾಪಾರದಲ್ಲಿ ಮುಖ್ಯವಾದದ್ದು ಮನೆಯ ಕೀಲಿ ಕೈಸೇರುವ ಸಮಯ. ಅದನ್ನು ತಿಳಿಯಲು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಅಂದರೆ ಕರ್ನಾಟಕ ರೇರಾದ, ಜಾಲತಾಣವೇ ಹೆಚ್ಚು ನೆರವಾಗುತ್ತದೆ. 2016ರ ಕಾಯ್ದೆಯಂತೆ ನಿರ್ಮಾಣದಾರರು ಯೋಜನೆ ಪೂರ್ಣಗೊಳ್ಳುವ ದಿನಾಂಕವನ್ನು ಘೋಷಿಸಿ, ಬುಕಿಂಗ್ ಆದ ಮನೆಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ನೀಡಬೇಕು. ಘೋಷಿತ ದಿನಾಂಕವನ್ನೇ ನಂಬಿ ಸಾಮಗ್ರಿ ತುಂಬಿಕೊಳ್ಳದೆ, ಅವಧಿ ವಿಸ್ತರಣೆ ಆಗಿದೆಯೇ, ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಕೊಡುವ ಸ್ವಾಧೀನಾನುಭವ ಪತ್ರ (ಒ.ಸಿ.) ಸಿಕ್ಕಿದೆಯೇ ಎಂಬುದನ್ನು ನೋಡಿಕೊಳ್ಳುವುದು ಕ್ಷೇಮ. ಆ ಪತ್ರ ಜ್ಯೇಷ್ಠ ಮಾಸದ ಹೊತ್ತಿಗೆ ಬಂದರೆ, ಗೃಹಪ್ರವೇಶ ನಡೆಯದ ಆಷಾಢವಿಡೀ ಬಡಗಿಗಳಿಗೆ ಬಿಡುವಿರದು. ಶ್ರಾವಣದ ಮುಹೂರ್ತಕ್ಕೆ ಲ್ಯಾಮಿನೇಟ್ ಅಂಟಿಸಿ, ಹಿಡಿಕೆಗಳನ್ನು ಕೂರಿಸಿ ಮುಗಿಸಬೇಕಲ್ಲ. ಇಂಥ ಲೆಕ್ಕ ಯಾವ ಸೂಚ್ಯಂಕಕ್ಕೂ ನಿಲುಕುವುದಿಲ್ಲ.

ರೇರಾಕ್ಕೂ ಮಿತಿಗಳಿವೆ. 500 ಚದರ ಮೀಟರ್ ಮೀರದ ನಿವೇಶನದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳಿಗೆ ನೋಂದಣಿ ಕಡ್ಡಾಯವಲ್ಲವಾದ್ದರಿಂದ, ಮೂವತ್ತು–ನಲವತ್ತರ ಸೈಟಿನಲ್ಲಿ ಸ್ವಂತಕ್ಕೆ ಕಟ್ಟಿಸಿಕೊಳ್ಳುವ ಮನೆಗಳು ಅಲ್ಲಿ ಕಾಣಸಿಗುವುದಿಲ್ಲ. ಸಣ್ಣ ಊರುಗಳ ಬಡಗಿಗಳು ಗಾರೆ ಮೇಸ್ತ್ರಿಯನ್ನೇ ವಿಚಾರಿಸಬೇಕು.

ಮೂರು ಅಳತೆಗಳ ಮನೆಗಳನ್ನು, ಅಂದರೆ 60 ಚದರ ಮೀಟರ್‌ವರೆಗಿನವು, 60ರಿಂದ 110ರವರೆಗಿನವು ಹಾಗೂ ಅದಕ್ಕೂ ದೊಡ್ಡವು, ಬೇರೆಬೇರೆಯಾಗಿ ಪರಿಗಣಿಸುವ ರೆಸಿಡೆಕ್ಸ್ ಯಾವ ಗಾತ್ರದ, ಯಾವ ದರ್ಜೆಯ ಮಾಲು ಇಡಬೇಕೆಂದು ಯೋಚಿಸುವ ದೊಡ್ಡ ಮಳಿಗೆಗಳಿಗೆ ಉಪಯೋಗಕ್ಕೆ ಬಂದೀತು. ಬಾಡಿಗೆ ಮನೆ ಬದಲಿಸುವವರು ಮಾತ್ರ ಎರಡೂ ಕಡೆ ಲೆಕ್ಕಕ್ಕೆ ಸಿಗುವುದಿಲ್ಲ. ಮಂಚ, ಮೇಜು ಮಾರುವವರಿಗೆ ಇದು ದೊಡ್ಡ ಕೊರತೆ. ವಾರ್ಡ್‌ರೋಬ್ ಮಾಡುವವರಿಗೆ ಅಷ್ಟೇನಲ್ಲ, ಏಕೆಂದರೆ ಬಾಡಿಗೆಯವರು ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಬೇಕಾಗುತ್ತದೆ.