ಉತ್ತರ ಕೋಲ್ಕತ್ತಾದ ನದಿ ದಂಡೇಲಿ ಒಂದಿನ: ಕಾರ್ ಬಿಡಿ, ಫೆರಿ ಹತ್ತಿ

ಕೋಲ್ಕತ್ತಾಗೆ ಹೋಗೋರಿಗೆ ಟ್ರಾವೆಲ್ಸ್‌ನೋರು ಕೊಡೋ ಲಿಸ್ಟ್ ಹೆಚ್ಚುಕಮ್ಮಿ ಒಂದೇ ಇರುತ್ತೆ, ವಿಕ್ಟೋರಿಯಾ ಮೆಮೋರಿಯಲ್, ಕಾಳಿಘಾಟ್, ದಕ್ಷಿಣೇಶ್ವರ, ಬೇಲೂರು ಮಠ, ಸಂಜೆ ಶಾಪಿಂಗ್. ಎಲ್ಲ ನೋಡೋ ಜಾಗಗಳೇ. ಆದ್ರೆ ಒಂದಿನ ಜಾಸ್ತಿ ಸಿಕ್ಕಿದ್ರೆ ಅದನ್ನ ಹೌರಾ ಬ್ರಿಡ್ಜ್‌ನಿಂದ ಬಾಗ್‌ಬಜಾರ್ ತನಕ ಇರೋ ಹೂಗ್ಲಿ ದಂಡೆಗೆ ಎತ್ತಿಡಿ, ಅದೂ ಟ್ಯಾಕ್ಸಿ ಮಾಡ್ಕೊಂಡಲ್ಲ, ಫೆರಿ ಮತ್ತೆ ಕಾಲ್ನಡಿಗೇಲಿ. ನಾನು 5ಕ್ಕೆ 5 ಕೊಡ್ತೀನಿ. ಯಾಕಂದ್ರೆ ಈ ಏರಿಯಾ ಬೆಳೆದಿದ್ದೇ ನದಿಗೆ ಮುಖ ಮಾಡ್ಕೊಂಡು. 1690ರ ಆಗಸ್ಟ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್ ಹಡಗಿಂದ ಇಳಿದಿದ್ದು ಸುತಾನುಟಿ ಅನ್ನೋ ಊರಲ್ಲಿ, ಅದು ಇವತ್ತಿನ ಶೋಭಾಬಜಾರ್ ಸುತ್ತಮುತ್ತ, ಮೆಟ್ರೋ ಸ್ಟೇಷನ್ ಹೆಸರಲ್ಲೂ ಸುತಾನುಟಿ ಇನ್ನೂ ಉಳ್ಕೊಂಡಿದೆ. ಆಮೇಲೆ ದುಡ್ಡು ಮಾಡಿದ ವರ್ತಕರು, ಜಮೀನ್ದಾರರು ಒಬ್ಬೊಬ್ರೂ ತಮ್ಮ ಮನೆತನದ ಹೆಸರಲ್ಲಿ ಘಾಟ್, ಅಂದ್ರೆ ನದಿಗಿಳಿಯೋ ಮೆಟ್ಟಿಲು, ಕಟ್ಟಿಸ್ತಾ ಬಂದ್ರು. ರಸ್ತೆ ಕಡೆಯಿಂದ ಬಂದ್ರೆ ಇದೆಲ್ಲ ಹಿತ್ತಿಲ ಬಾಗಿಲಿಂದ ಮನೆ ನೋಡಿದ ಹಾಗೆ.

ಬೆಳಿಗ್ಗೆ ಆರಕ್ಕೆಲ್ಲ ಮಲ್ಲಿಕ್ ಘಾಟ್ ಹೂವಿನ ಮಾರ್ಕೆಟ್‌ನಲ್ಲಿರಿ, ಬ್ರಿಡ್ಜ್‌ನ ಕೋಲ್ಕತ್ತಾ ಕಡೆ ಬುಡದಲ್ಲೇ ಇದೆ. ನಮ್ಮ ಕೆ.ಆರ್. ಮಾರ್ಕೆಟ್ ನೋಡಿದೋರಿಗೂ ಇಲ್ಲಿನ ಚೆಂಡು ಹೂವಿನ ರಾಶಿ ನೋಡಿದ್ರೆ ಒಂದು ನಿಮಿಷ ಕಾಲು ನಿಲ್ಲುತ್ತೆ, ಹಗ್ಗದ ಥರ ದಪ್ಪ ದಪ್ಪ ಹಾರದ ಹೊರೆ ತಲೆ ಮೇಲೆ ಹೊತ್ಕೊಂಡು ಜನ ಓಡ್ತಾನೇ ಇರ್ತಾರೆ, ಅವರ ದಾರೀಲಿ ನಿಂತು ಫೋಟೋ ತೆಗೀಬೇಡಿ ಪ್ಲೀಸ್. ನೆಲ ಪೂರ್ತಿ ಕೆಸರು, ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ಅಲ್ಲಿಂದ ಬ್ರಿಡ್ಜ್ ಹತ್ತಿ ನಡ್ಕೊಂಡೇ ಹೌರಾ ಕಡೆಗೆ ದಾಟಿ. 1943ರಲ್ಲಿ ಓಪನ್ ಆಗಿದ್ದು, ಸುಮಾರು 26,500 ಟನ್ ಸ್ಟೀಲ್, ನಟ್ಟು ಬೋಲ್ಟೇ ಇಲ್ಲ, ಪೂರ್ತಿ ರಿವೆಟ್, ನದಿ ಮಧ್ಯ ಒಂದು ಕಂಬಾನೂ ಇಲ್ಲ. ನಡ್ಕೊಂಡು ಹೋಗುವಾಗ ಬಸ್ ಪಾಸಾದ್ರೆ ಕಾಲ ಕೆಳಗೆ ಸಣ್ಣಗೆ ನಡುಗೋದು ಗೊತ್ತಾಗುತ್ತೆ.

ಹೌರಾ ಸ್ಟೇಷನ್ ಎದುರಿಗೇ ಫೆರಿ ಘಾಟ್. ಬಾಗ್‌ಬಜಾರ್ ಕಡೆ ಹೋಗೋ ಲಾಂಚ್ ಹತ್ತಿ, ಬೆಂಗಳೂರಲ್ಲಿ ಒಂದು ಕಾಫಿಗೆ ಕೊಡೋಕ್ಕಿಂತ ಕಮ್ಮಿ ಟಿಕೆಟ್. 2024ರಿಂದ ನದಿ ಕೆಳಗೇ ಮೆಟ್ರೋ ಓಡ್ತಿದೆ, ಆಫೀಸಿಗೆ ಹೋಗೋರಿಗೆ ಅದು ವರದಾನ, ನೋಡೋಕೆ ಬಂದೋರಿಗೆ ಫೆರಿನೇ ಸರಿ. ಕೂರೋಕೆ ಹುಡುಕ್ಬೇಡಿ, ರೇಲಿಂಗ್ ಹತ್ರ ನಿಂತ್ಕೊಳ್ಳಿ, ಬಲಗಡೆ ಒಂದಾದ್ಮೇಲೊಂದು ಬರುತ್ತೆ, ಹಳೇ ಗೋಡೌನ್‌ಗಳು, ಗೋಡೆ ಸೀಳ್ಕೊಂಡು ಬೆಳೆದ ಅರಳಿ ಮರ, ಸ್ನಾನ ಮಾಡೋರು, ನಿಮ್ತಲಾ ಸ್ಮಶಾನದ ಹೊಗೆ (ರವೀಂದ್ರನಾಥ ಠಾಕೂರರ ಅಂತ್ಯಸಂಸ್ಕಾರ 1941ರಲ್ಲಿ ಆಗಿದ್ದು ಇಲ್ಲೇ), ಅಹಿರಿಟೋಲಾ, ಶೋಭಾಬಜಾರ್, ಕೊನೆಗೆ ಬಾಗ್‌ಬಜಾರ್. ಒಂದು ದಂಡೇಲಿ ಸಾವು, ಸ್ನಾನ, ವ್ಯಾಪಾರ, ಮಕ್ಕಳ ಈಜು ಎಲ್ಲ ಒಟ್ಟೊಟ್ಟಿಗೆ ನಡೀತಿರುತ್ತೆ, ಯಾರೂ ಯಾರಿಗೂ ಅಡ್ಡಿ ಇಲ್ಲ.

ಬಾಗ್‌ಬಜಾರ್‌ನಲ್ಲಿ ಇಳಿದ್ರೆ ಮೊದಲು ತಿಂಡಿ. ಯಾವ ಸಣ್ಣ ಅಂಗಡೀಲಿ ಲೋಕಲ್ ಜನ ನಿಂತಿದ್ದಾರೋ ಅಲ್ಲಿ ಕಚೋರಿ ಆಲೂ ತರಕಾರಿ ತಗೊಳ್ಳಿ, ಅಲ್ಲಿನೋರು ಕೊಚುರಿ ಅಂತಾರೆ, ನಮ್ಮ ಪೂರಿ ಥರಾನೇ ಮೆತ್ತಗೆ, ಪಲ್ಯಕ್ಕೆ ಸ್ವಲ್ಪ ಸಿಹಿ. ಜೊತೆಗೆ ಮಣ್ಣಿನ ಕುಡಿಕೇಲಿ ಚಾ. ಸ್ಪಂಜ್ ರಸಗುಲ್ಲಾ 1868ರಲ್ಲಿ ನವೀನ್ ಚಂದ್ರ ದಾಸ್ ಮಾಡಿದ್ದು ಇದೇ ಬಾಗ್‌ಬಜಾರ್‌ನಲ್ಲಿ ಅಂತಾರೆ, ಹಾಗಾಗಿ ಒಂದಾದ್ರೂ ತಿನ್ನಲೇಬೇಕು. ರಾಮಕೃಷ್ಣಾಶ್ರಮದ ಕನ್ನಡ ಪುಸ್ತಕ ಓದಿ ಬೆಳೆದೋರಿಗೆ ಈ ಬೀದಿಗಳು ಬೇರೆ ಥರಾನೇ ಕಾಣ್ತವೆ: ಶಾರದಾದೇವಿಯವರು ಕೊನೇ ದಿನಗಳನ್ನ ಕಳೆದ ಮಾಯೇರ್ ಬಾಡಿ, 1897ರ ಮೇ 1ಕ್ಕೆ ರಾಮಕೃಷ್ಣ ಮಿಷನ್ ಶುರುವಾದ ಬಲರಾಮ್ ಬೋಸ್ ಮನೆ, ಸೋದರಿ ನಿವೇದಿತಾ ಇದ್ದ ಮನೆ, ರಸ್ತೆ ಮಧ್ಯದಲ್ಲೇ ಉಳ್ಕೊಂಡಿರೋ ನಾಟಕಕಾರ ಗಿರೀಶ್ ಘೋಷ್ ಮನೆ, ಎಲ್ಲ ನಡೆಯೋ ದೂರದಲ್ಲೇ. ನನ್ನ ಅಮ್ಮನಿಗೆ ಈ ಹೆಸರುಗಳೆಲ್ಲ ಬಾಯಿಪಾಠ, ಮಾಯೇರ್ ಬಾಡಿ ಮೆಟ್ಟಿಲ ಮೇಲೆ ಅವರು ಎಷ್ಟೋ ಹೊತ್ತು ಕೂತಿದ್ರು, ಎಬ್ಬಿಸೋಕೆ ಮನಸ್ಸಾಗ್ಲಿಲ್ಲ. ಮಧ್ಯಾಹ್ನ ಬಾಗಿಲು ಹಾಕ್ತಾರೆ, ಬೆಳಿಗ್ಗೆನೇ ಮುಗಿಸ್ಕೊಳ್ಳಿ.

ಆಮೇಲೆ ಕುಮಾರ್‌ತುಲಿ, ಮಣ್ಣಿನ ಮೂರ್ತಿ ಮಾಡೋರ ಬಡಾವಣೆ. ಈ ದಿನದ ಜೀವ ಇರೋದೇ ಇಲ್ಲಿ, ಬೇರೆ ಏನು ಬಿಟ್ರೂ ಇದನ್ನ ಬಿಡ್ಬೇಡಿ. ಬನಮಾಲಿ ಸರ್ಕಾರ್ ಸ್ಟ್ರೀಟ್ ಮತ್ತೆ ಅದರ ಅಕ್ಕಪಕ್ಕದ ಗಲ್ಲಿ, ಇಬ್ಬರು ಎದುರಾದ್ರೆ ಒಬ್ಬರು ಪಕ್ಕಕ್ಕೆ ಸರೀಬೇಕು, ಎರಡೂ ಕಡೆ ಶೆಡ್ಡು, ಒಳಗೆ ಸಾಲಾಗಿ ದುರ್ಗೆಯರು. ಮೊದಲು ಬಿದಿರು, ಅದರ ಮೇಲೆ ಭತ್ತದ ಹುಲ್ಲನ್ನ ಸುತ್ತಿ ಸುತ್ತಿ ದಾರದಲ್ಲಿ ಬಿಗಿದು ಮೈ ಮಾಡ್ತಾರೆ, ಬರೀ ಹುಲ್ಲಲ್ಲೇ ಸೊಂಟದ ಬಳುಕು, ಸಿಂಹದ ಬೆನ್ನು ಎಲ್ಲ ಬಂದಿರುತ್ತೆ. ಮೇಲೆ ಹೊಟ್ಟು ಬೆರೆಸಿದ ಜಿಗುಟು ಮಣ್ಣು, ಒಣಗಿ ಬಿರುಕು ಬಿಟ್ಮೇಲೆ ಅದಕ್ಕೆ ಮಣ್ಣಲ್ಲಿ ಅದ್ದಿದ ಬಟ್ಟೆ ಚೂರು, ಮತ್ತೆ ನಯವಾದ ಮಣ್ಣು. ಮುಖ ಅಚ್ಚಲ್ಲಿ ಬೇರೆ, ಬೆರಳು ಬೇರೆ, ಆಮೇಲೆ ಕೂಡಿಸ್ತಾರೆ. ಮಣ್ಣು ಬರೋದೂ ನದಿಯಿಂದ, ದೋಣೀಲಿ, ಪೂಜೆ ಮುಗಿದ್ಮೇಲೆ ಮೂರ್ತಿ ಹೋಗೋದೂ ಅದೇ ನದಿಗೆ. ಕಣ್ಣು ಬರೆಯೋದು ಮಾತ್ರ ಸಂಪ್ರದಾಯದಂತೆ ಮಹಾಲಯ ಅಮಾವಾಸ್ಯೆಗೆ. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಗಣೇಶ ಮಾಡೋದು ನೋಡಿದೋರಿಗೆ ಕೆಲಸದ ಗುರುತು ಸಿಗುತ್ತೆ, ಆದ್ರೆ ಒಂದಿಡೀ ಬಡಾವಣೆ ಇದರಲ್ಲೇ ಬದುಕೋದು ಇಲ್ಲೇ ನೋಡ್ಬೇಕು. ಬೆಂಡಿನ ಕಿರೀಟ, ಜರಿ, ಸೆಣಬಿನ ಕೂದಲು ಮಾರೋ ಅಂಗಡಿಗಳೂ ಇದೇ ಗಲ್ಲೀಲಿ. ಒಂದು ಮಾತು, ಅವರಿಗದು ವರ್ಕ್‌ಶಾಪ್, ಕ್ಯಾಮೆರಾ ಎತ್ತೋ ಮುಂಚೆ ಕೇಳಿ, ದುಡ್ಡು ಕೇಳಿದ್ರೆ ಕೊಡಿ, ಪೂಜೆ ಮುಂದಿನ ವಾರಗಳಲ್ಲಿ ಅವರಿಗೆ ಉಸಿರಾಡೋಕೂ ಟೈಮ್ ಇರಲ್ಲ, ಅಂಥದ್ರಲ್ಲಿ ನೂರು ಜನ ಫೋನ್ ಹಿಡ್ಕೊಂಡು ಮಧ್ಯೆ ನಿಂತಿರ್ತಾರೆ.

ಊಟಕ್ಕೆ ಶೋಭಾಬಜಾರ್ ಮೆಟ್ರೋ ಹತ್ರ ಮಿತ್ರಾ ಕೆಫೆ, 1920ರ ಹೋಟ್ಲು, ಮೀನು ತಿನ್ನೋರು ಫಿಶ್ ಕವಿರಾಜಿ ತಗೊಳ್ಳಿ, ಮೇಲೆ ಮೊಟ್ಟೆಯ ಗರಿಗರಿ ಬಲೆ, ಒಳಗೆ ಮೆತ್ತನೆ ಮೀನು, ತುಂಬಾ ಚೆನ್ನಾಗಿದೆ. ವೆಜ್‌ನೋರಿಗೆ ಅಲ್ಲಿ ಜಾಸ್ತಿ ಏನಿಲ್ಲ, ಬೆಳಿಗ್ಗೆನೇ ಕೊಚುರಿ ಗಟ್ಟಿಯಾಗಿ ತಿಂದಿರಿ, ಮಧ್ಯಾಹ್ನಕ್ಕೆ ನಕುಡ್‌ಗೆ ಹೋಗಿ ಸಂದೇಶ್ (ಛೇನಾದ ಸಿಹಿ) ತಿನ್ನಿ. 1844ರಿಂದ ಇರೋ ಅಂಗಡಿ, ಕಬ್ಬಿಣದ ಸರಳಿನ ಹಿಂದೆ ಕೂತು ಮಾರ್ತಾರೆ, ಚಳಿಗಾಲ ಆದ್ರೆ ಹೊಸ ಖರ್ಜೂರದ ಬೆಲ್ಲದ್ದು ಕೇಳಿ.

ಶೋಭಾಬಜಾರ್ ರಾಜಬಾಡಿಲಿ (ಅರಮನೇಲಿ) ನವಕೃಷ್ಣ ದೇವ್ 1757ರಲ್ಲಿ, ಪ್ಲಾಸಿ ಯುದ್ಧ ಆದ ವರ್ಷಾನೇ, ಶುರು ಮಾಡಿದ ದುರ್ಗಾಪೂಜೆ ಈಗ್ಲೂ ನಡೀತಿದೆ. ಅಲ್ಲಿಂದ ರವೀಂದ್ರ ಸರಣಿ ಹಿಡಿದು ನಡೆದ್ರೆ ಜೋರಾಸಾಂಕೋ, ಠಾಕೂರರು ಹುಟ್ಟಿದ್ದೂ ತೀರ್ಕೊಂಡಿದ್ದೂ ಒಂದೇ ಮನೇಲಿ, ಸೋಮವಾರ ರಜಾ. ದಾರಿಯುದ್ದಕ್ಕೂ ಎಷ್ಟೋ ಹಳೇ ಮನೆಗಳ ಬಾಲ್ಕನಿ ಜೋತು ಬಿದ್ದಿದೆ, ಅಣ್ಣ ತಮ್ಮಂದಿರ ಪಾಲು ಜಗಳದಲ್ಲಿ ಯಾರೂ ರಿಪೇರಿ ಮಾಡ್ಸಲ್ಲ ಅಂತ ಚಾ ಅಂಗಡಿಯವರು ಹೇಳಿದ್ರು. ನೋಡಿ ಸಂಕಟ ಆಗುತ್ತೆ, ಇನ್ನು ಇಪ್ಪತ್ತು ವರ್ಷಕ್ಕೆ ಎಷ್ಟು ಉಳಿಯುತ್ತೋ.

ಕೊರತೆ ಅಂದ್ರೆ ಟಾಯ್ಲೆಟ್, ಹೆಂಗಸರಿಗಂತೂ ಕಷ್ಟ, ಮೆಟ್ರೋ ಸ್ಟೇಷನ್ನು ಇಲ್ಲಾ ಹೋಟ್ಲು ಸಿಕ್ಕಾಗ ಮುಗಿಸ್ಕೊಳ್ಳಿ. ಘಾಟ್‌ಗಳ ಮೇಲೆ ಪ್ಲಾಸ್ಟಿಕ್ ಕಸ ಜಾಸ್ತಿ. ಮೆಟ್ಟಿಲು ಪಾಚಿ ಕಟ್ಟಿರುತ್ತೆ, ನದೀಲಿ ಉಬ್ಬರ ಇಳಿತ ಇದೆ, ವಯಸ್ಸಾದೋರನ್ನ ನೀರಿನ ಹತ್ರ ಇಳಿಸ್ಬೇಡಿ.

ಸಂಜೆಗೆ ಶಕ್ತಿ ಇದ್ರೆ ದಂಡೆ ಪಕ್ಕದಲ್ಲೇ ಓಡೋ ಸರ್ಕ್ಯುಲರ್ ರೈಲಲ್ಲಿ ಪ್ರಿನ್ಸೆಪ್ ಘಾಟ್‌ಗೆ ಹೋಗಿ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿ ಓದಿದ ಮನುಷ್ಯ, ಅವರು ಓದಿದ ಶಾಸನಗಳಲ್ಲಿ ರಾಜನ ಹೆಸರು ದೇವಾನಾಂಪ್ರಿಯ ಪ್ರಿಯದರ್ಶಿ ಅಂತಷ್ಟೇ ಇತ್ತು, ದೇವಾನಾಂಪ್ರಿಯ ಅನ್ನೋದರ ಜೊತೆಗೆ ಅಶೋಕ ಅನ್ನೋ ಹೆಸರು ನೇರವಾಗಿ ಸಿಕ್ಕಿದ್ದು 1915ರಲ್ಲಿ ನಮ್ಮ ರಾಯಚೂರು ಜಿಲ್ಲೆ ಮಸ್ಕಿಲಿ. ಕನ್ನಡದೋರು ಅಲ್ಲಿ ಹತ್ತು ನಿಮಿಷ ನಿಲ್ಲೋದು ನ್ಯಾಯ. ರೈಲು ಕಮ್ಮಿ ಇರೋದ್ರಿಂದ ಟೈಮ್ ಬೆಳಿಗ್ಗೆನೇ ನೋಡಿಟ್ಕೊಳ್ಳಿ. ಹೋಗೋಕೆ ಒಳ್ಳೇ ಕಾಲ ಅಂದ್ರೆ ಆಗಸ್ಟ್ ಕೊನೆಯಿಂದ ಮಹಾಲಯದ ತನಕ ಮೂರ್ತಿ ಕೆಲಸಕ್ಕೆ, ಡಿಸೆಂಬರ್ ಜನವರಿ ನಡೆಯೋಕೆ ಮತ್ತೆ ಬೆಲ್ಲದ ಸಂದೇಶ್‌ಗೆ. ಏಪ್ರಿಲ್ ಮೇ ಬೇಡ, ಆ ಸೆಕೇಲಿ ಹತ್ತು ಗಂಟೆ ಮೇಲೆ ನಡೆಯೋಕಾಗಲ್ಲ.