ಮೂರು ಲೆಕ್ಕ, ಒಂದೇ ಬೀದಿ: ಹಿಂಜರಿತದಲ್ಲಿ ಯಾವ ನಿರುದ್ಯೋಗ ಅಂಕಿ ನಂಬೋದು?

2020ರ ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಶೇ 23.9ರಷ್ಟು ಕುಸಿಯಿತು ಎಂದು ಸರ್ಕಾರವೇ ಮೊದಲ ಅಂದಾಜಿನಲ್ಲಿ ಹೇಳಿತು. ಅದೇ ಸರ್ಕಾರದ ಕಾರ್ಮಿಕ ಸಮೀಕ್ಷೆ ಪಿಎಲ್‌ಎಫ್‌ಎಸ್‌ನ ವಾರ್ಷಿಕ ವರದಿ ತೆಗೆದರೆ ನಿರುದ್ಯೋಗ ದರ 2018-19ರಲ್ಲಿ 5.8, 2019-20ರಲ್ಲಿ 4.8, 2020-21ರಲ್ಲಿ 4.2. ಇಳಿಯುತ್ತಲೇ ಇದೆ! ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಶಟರ್ ಎಳೆದ ಶೆಡ್‌ಗಳ ಸಾಲು ನೋಡಿದವರು ಇದನ್ನು ನಂಬುವುದು ಹೇಗೆ? ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ಅದರ ಬದಲು ಲಗ್ಗೆರೆಯ ನಮ್ಮ ಬೀದಿಯಲ್ಲಿ ಆಗ ಕೆಲಸ ಹೋದವರನ್ನು ಒಬ್ಬೊಬ್ಬರಾಗಿ ಮೂರು ಲೆಕ್ಕಕ್ಕೂ ಹಾಕಿ ನೋಡಿದೆ: ಪಿಎಲ್‌ಎಫ್‌ಎಸ್, ಖಾಸಗಿ ಸಂಸ್ಥೆ ಸಿಎಂಐಇ ಸಮೀಕ್ಷೆ, ನೌಕರರ ಭವಿಷ್ಯ ನಿಧಿ (ಪಿಎಫ್) ಸಂಸ್ಥೆ ಇಪಿಎಫ್‌ಒದ ತಿಂಗಳ ಪಟ್ಟಿ.

ಮೊದಲು ಎದುರುಮನೆಯ ಲೇತ್ ಆಪರೇಟರ್. ಲಾಕ್‌ಡೌನ್ ಆದಮೇಲೆ ವರ್ಕ್‌ಶಾಪ್ ತೆರೆಯಲಿಲ್ಲ. ಹೆಂಡತಿ ಮಕ್ಕಳ ಜತೆ ಶಿರಾ ಕಡೆಯ ಊರಿಗೆ ಹೋಗಿ ಅಣ್ಣನ ಹೊಲದಲ್ಲಿ ಕಡ್ಲೆಕಾಯಿ ಬಿತ್ತನೆಗೆ ನಿಂತರು. ಕೂಲಿ ಇಲ್ಲ, ಊಟ ಇತ್ತು. ಪಿಎಲ್‌ಎಫ್‌ಎಸ್‌ನ ವಾರ್ಷಿಕ ದರಕ್ಕೆ ಹಿಂದಿನ 365 ದಿನ ಲೆಕ್ಕ. ಅದರಲ್ಲಿ 30 ದಿನ ಏನಾದರೂ ದುಡಿದಿದ್ದರೂ ಸಾಕು, ಉದ್ಯೋಗಸ್ಥ. ಮನೆಯವರ ಹೊಲದಲ್ಲಿ ಪುಕ್ಕಟೆ ದುಡಿದರೂ ಅದು ಕೆಲಸವೇ. ಹಾಗಾಗಿ ಇವರು ಒಂದು ದಿನವೂ ನಿರುದ್ಯೋಗಿಯಾಗಲಿಲ್ಲ. ವರ್ಷದ ಸರಾಸರಿ ಮಳೆ ತೋರಿಸಿ, ಆ ರಾತ್ರಿ ರಾಜಕಾಲುವೆ ಉಕ್ಕಲೇ ಇಲ್ಲ ಎಂದ ಹಾಗಾಯಿತು. ಇಂಥವರು ಎಷ್ಟು ಮಂದಿ ಎಂಬುದು ಮಾತ್ರ ಅದೇ ವರದಿಯ ಇನ್ನೊಂದು ಕೋಷ್ಟಕದಲ್ಲಿ ಸಿಕ್ಕಿತು: ದುಡಿಯುವವರಲ್ಲಿ ಕೃಷಿಯ ಪಾಲು ಒಂದೇ ವರ್ಷದಲ್ಲಿ ಶೇ 42.5ರಿಂದ 45.6ಕ್ಕೆ ಏರಿತ್ತು.

ಸಿಎಂಐಇ ಕೇಳುವುದು ಸಂದರ್ಶನದ ಹೊತ್ತಿನ ಸ್ಥಿತಿ. ಲೇತ್ ಆಪರೇಟರ್ ‘ಕೆಲಸ ಹುಡುಕ್ತಾ ಇದೀನಿ’ ಎಂದಿದ್ದರೆ ಅಲ್ಲಿ ನಿರುದ್ಯೋಗಿ. ಈ ವಿಷಯದಲ್ಲಿ ನನ್ನ ಮತ ಅದಕ್ಕೇ.

ಆದರೆ ಮಹಡಿ ಮನೆಯ ಅಕ್ಕನ ಹತ್ತಿರ ಬಂದಾಗ ಸಿಎಂಐಇ ಎಡವಿತು. ಗಾರ್ಮೆಂಟ್ಸ್ ಕೆಲಸ ಹೋದಮೇಲೆ ಅವರು ಸೀರೆಗೆ ಕುಚ್ಚು ಕಟ್ಟಲು ಕೂತರು. ಸೆರಗಿನ ಅಂಚಿನ ಎಳೆ ಬಿಡಿಸಿ, ಹಲ್ಲಲ್ಲಿ ದಾರ ಕಚ್ಚಿಕೊಂಡು, ಮಣಿ ಪೋಣಿಸುತ್ತಲೇ ಮಾತು. ‘ಕೆಲಸ ಮಾಡ್ತಿದೀರಾ ಅಕ್ಕಾ?’ ಅಂದರೆ, ‘ಎಲ್ಲಿ ಕೆಲಸ, ಮನೇಲೇ ಇದೀನಿ!’ ಫೋನಿನಲ್ಲಿ ಕೇಳಿದವರು ಈ ಉತ್ತರವನ್ನೇ ಬರೆದುಕೊಂಡರೆ ಅವರು ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ, ಬರೀ ಗೃಹಿಣಿ. (ಲಾಕ್‌ಡೌನ್‌ನಲ್ಲಿ ಸಿಎಂಐಇ ಫೋನಿಗೇ ಇಳಿಯಿತು, ಉತ್ತರ ಕೊಟ್ಟವರ ಸಂಖ್ಯೆಯೂ ಕುಸಿಯಿತು.) ಪಿಎಲ್‌ಎಫ್‌ಎಸ್‌ನವರು ಕೆದಕಿ ಕೇಳುತ್ತಾರೆ, ಅಲ್ಲಿ ಅಕ್ಕ ಸ್ವಂತ ಉದ್ಯೋಗಿ. ದುಡಿಯುವ ಇಲ್ಲವೇ ಕೆಲಸ ಹುಡುಕುವ ಹೆಂಗಸರ ಪಾಲು ಪಿಎಲ್‌ಎಫ್‌ಎಸ್‌ನಲ್ಲಿ 2020-21ಕ್ಕೆ ಶೇ 32.5 ಇದ್ದರೆ, ಸಿಎಂಐಇಯಲ್ಲಿ ಶೇ 10ರ ಆಸುಪಾಸು. ಇಷ್ಟು ದೊಡ್ಡ ಕಂದಕಕ್ಕೆ ಇಂಥ ಅಕ್ಕಂದಿರೂ ಒಂದು ಕಾರಣ. ಸಿಎಂಐಇ ಮಾದರಿಯಲ್ಲಿ ಕಡುಬಡವರ ಮನೆಗಳೇ ಕಡಿಮೆ ಬೀಳುತ್ತವೆ ಎಂದು ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ 2021ರಲ್ಲಿ ಆಕ್ಷೇಪ ಎತ್ತಿದ್ದೂ ಉಂಟು.

ಇಪಿಎಫ್‌ಒ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 20 ಜನಕ್ಕಿಂತ ಕಡಿಮೆ ಇರುವ ಲೇತ್ ಶಾಪ್ ಸಾಮಾನ್ಯವಾಗಿ ಅದರ ಕಣ್ಣಿಗೇ ಬೀಳುವುದಿಲ್ಲ, ಕುಚ್ಚು ಅಂತೂ ದೂರದ ಮಾತು. ನಮ್ಮ ಬೀದಿಯಲ್ಲಿ ಅದು ಹಿಡಿದದ್ದು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದ ಹುಡುಗನನ್ನು ಮಾತ್ರ. ಅವನು ಬೇರೆ ಕಂಪನಿಗೆ ಕಡಿಮೆ ಸಂಬಳಕ್ಕೆ ಸೇರಿಕೊಂಡಾಗ ‘ಮರಳಿ ಸೇರಿದವರು’ ಎಂದು ನಿವ್ವಳ ಏರಿಕೆಯ ಲೆಕ್ಕಕ್ಕೆ ಜಮೆಯಾದ. ನಡುವಿನ ತಿಂಗಳುಗಳಲ್ಲಿ ಅವನು ಬೈಕಿನಲ್ಲಿ ಊಟ ತಲುಪಿಸುತ್ತಿದ್ದದ್ದು ಆ ಪಟ್ಟಿಗೆ ಗೊತ್ತೇ ಇಲ್ಲ. ಕಳೆದ ತಿಂಗಳುಗಳ ಅಂಕಿಗಳೂ ಆಮೇಲೆ ತಿದ್ದುಪಡಿಯಾಗುತ್ತಲೇ ಇರುತ್ತವೆ. ‘ಇಷ್ಟು ಲಕ್ಷ ಹೊಸ ಉದ್ಯೋಗ’ ಎಂಬ ತಲೆಬರಹಕ್ಕೆ ಇದನ್ನು ಎಳೆದು ತರುವವರನ್ನು ಕಂಡರೆ ನನಗೆ ಸಿಟ್ಟು.

ಹಾಗಾದರೆ ಜಗಳ ಸರ್ಕಾರಿ, ಖಾಸಗಿ ನಡುವಿನದೇ? ನನಗೆ ಹಾಗನ್ನಿಸಲಿಲ್ಲ. ಪಿಎಲ್‌ಎಫ್‌ಎಸ್‌ನಲ್ಲೇ ವಾರದ ಲೆಕ್ಕವೂ ಇದೆ: ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆ ದುಡಿದಿದ್ದರೆ ಉದ್ಯೋಗಸ್ಥ. ಇಷ್ಟು ಸಡಿಲ ಇದ್ದರೂ 2020ರ ಏಪ್ರಿಲ್–ಜೂನ್‌ಗೆ ನಗರಗಳ ದರ ಶೇ 21ರ ಹತ್ತಿರ ಬಂತು. ಸಿಎಂಐಇ ಏಪ್ರಿಲ್‌ಗೆ ಕೊಟ್ಟದ್ದು ಇಡೀ ದೇಶಕ್ಕೆ ಶೇ 23.5. ವ್ಯಾಪ್ತಿ ಬೇರೆ ಬೇರೆಯಾದರೂ ಇಬ್ಬರಿಗೂ ಕಂಡದ್ದು ಒಂದೇ ಕುಸಿತ. ವ್ಯತ್ಯಾಸ ಇದ್ದದ್ದು ವೇಗದಲ್ಲಿ: ಸಿಎಂಐಇ ಅಂಕಿ ಆಗಿಂದಾಗಲೇ ಸಿಕ್ಕಿತು, ಸರ್ಕಾರದ್ದು ಹೊರಬಿದ್ದದ್ದು 2021ರ ಮಾರ್ಚ್‌ನಲ್ಲಿ, ಬೀದಿಯ ಅರ್ಧ ಜನ ಊರಿಂದ ವಾಪಸ್ ಬಂದಮೇಲೆ.

ಸರ್ಕಾರಿ ಲೆಕ್ಕದ ಮೇಲೆ ನನಗಿರುವ ಅನುಮಾನ ಈ ಬಿಡುಗಡೆಯ ಸಮಯದ್ದೇ. 2017-18ರ ವರದಿಯಲ್ಲಿ ದರ ಶೇ 6.1 ಇತ್ತು. ವರದಿ ತಡೆಹಿಡಿದದ್ದಕ್ಕೆ 2019ರ ಜನವರಿಯಲ್ಲಿ ಸಾಂಖ್ಯಿಕ ಆಯೋಗದಿಂದ ಪಿ.ಸಿ. ಮೋಹನನ್, ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಅಧಿಕೃತವಾಗಿ ಅದು ಬಂದದ್ದು ಮೇ 31ಕ್ಕೆ, ಲೋಕಸಭೆ ಚುನಾವಣೆ ಮುಗಿದಮೇಲೆ. ಅಂಕಿ ತಿದ್ದಬೇಕಿಲ್ಲ, ತಡಮಾಡಿದರೆ ಸಾಕು.

2025ರಿಂದ ಪಿಎಲ್‌ಎಫ್‌ಎಸ್ ತಿಂಗಳಿಗೊಮ್ಮೆ ಬರುತ್ತಿದೆ, ಅದೂ ವಾರದ ಲೆಕ್ಕದಲ್ಲಿ. ಮೊದಲ ಅಂಕಿ ಏಪ್ರಿಲ್‌ದು, ಶೇ 5.1. ಸಿಎಂಐಇಗಿದ್ದ ವೇಗದ ಮೇಲುಗೈ ಇದರಿಂದ ಬಹುಮಟ್ಟಿಗೆ ಹೋಯಿತು. ಹಿಂಜರಿತದ ಸುಳಿವು ಸಿಕ್ಕರೆ ನಾನೀಗ ನೋಡುವುದು ಈ ತಿಂಗಳ ದರವನ್ನು. ಆಮೇಲೆ ಸಂಬಳದವರು, ದಿನಗೂಲಿಯವರು, ಮನೆಯವರಿಗೆ ಪುಕ್ಕಟೆ ದುಡಿಯುವವರು ಎಂದು ಬಿಡಿಸಿ ಕೊಡುವ ಕೋಷ್ಟಕಗಳನ್ನು. ವಾರ್ಷಿಕ ದರದ ತಂಟೆಗೇ ಹೋಗುವುದಿಲ್ಲ.